ಬೈರಮ್ಮಜ್ಜಿ ಬಯ್ಯದ ಕೂಸು

ಹಿರೋಡೆಯಲ್ಲಿ ಹುಟ್ಟಿದ ಯಾವ ಕೂಸನ್ನೂ ಬೈರಮ್ಮಜ್ಜಿ ಬಯ್ಯುವ ತನಕ ತೊಟ್ಟಿಲಿಗೆ ಹಾಕುತ್ತಿರಲಿಲ್ಲ.

ಈಗ ನಾವು ಪಾಂಡವಪುರ ಎನ್ನುವ ಊರಿಗೆ ಆಗ ಹಿರೋಡೆ ಎಂದು ಹೆಸರು. ಪಟ್ಟಣದಲ್ಲಿ ಸುಲ್ತಾನರು ಆಳುತ್ತಿದ್ದ ಕಾಲ. ಬೈರಮ್ಮ ಊರಿಗೆಲ್ಲ ಸೂಲಗಿತ್ತಿ. ಬೆಳಗೊಳದ ಕಡೆಯಿಂದ ಸೊಸೆಯಾಗಿ ಬಂದ ಒಕ್ಕಲು ಹೆಣ್ಣು. ಯಾವುದೋ ದಂಡಿನ ಹಿಂದೆ ಗಾಡಿ ಹೊಡೆದುಕೊಂಡು ಹೋದ ಗಂಡ ತಿರುಗಿ ಬರಲಿಲ್ಲ. ಹೆರಿಗೆ ಮಾಡಿಸುವುದನ್ನು ಅತ್ತೆಯಿಂದ ಕಲಿತಳು, ಬಯ್ಯುವುದನ್ನೂ ಅವಳಿಂದಲೇ ಕಲಿತಳು. ಅವಳು ಯಾಕೆ ಹಾಗೆ ಬಯ್ಯುತ್ತಾಳೆ ಎಂಬುದಕ್ಕೆ ಊರಿನವರು ಒಂದೊಂದು ಕಥೆ ಕಟ್ಟಿದ್ದರು. ಅವಳನ್ನೇ ಕೇಳಿದರೆ, "ಕಥೆ ಎಂಥದು? ನಮ್ಮತ್ತೆ ಬೈತಿದ್ಲು, ನಾನೂ ಬೈತೀನಿ, ಓಗ್ರವ್ವ ಅತ್ಲಾಗೆ," ಎನ್ನುತ್ತಿದ್ದಳು.

ಹೆತ್ತ ಮನೆಯ ಗಡಿಬಿಡಿಯೆಲ್ಲ ಮುಗಿದು, ತಾಯಿಗೆ ಎರೆದು, ಕೂಸಿಗೂ ಎರೆದು ಸಾಂಬ್ರಾಣಿ ಹಾಕಿದ ಮೇಲೆ ಬೈರಮ್ಮಜ್ಜಿ ಕಾಲು ಚಾಚಿ ಕೂತು, ಕೂಸನ್ನು ಎರಡೂ ಅಂಗೈ ಮೇಲಿಟ್ಟುಕೊಂಡು ಮುಖದ ಹತ್ತಿರ ತರುತ್ತಿದ್ದಳು. ಕಣ್ಣರಳಿಸಿ ನೋಡುವಳು. ಹಲ್ಲು ಕಚ್ಚುವಳು. ಆಮೇಲೆ, "ಥೂ!"

"ಥೂ, ಇದ್ಯಾವ ಹಿತ್ಲು ಕುಂಬ್ಳಕಾಯಿಗೆ ಕಣ್ಣು ಬರ್ದು ಮಡಗಿದ್ದೀರಿ? ಮೂಗೆಲ್ಲಿ? ಬರೋ ದಾರೀಲಿ ಉದುರೋಯ್ತಾ? ಕೆನ್ನೆ ನೋಡು ಕೆನ್ನೆ, ಯಾರ ಮನೆ ಬೆಲ್ಲ ಕದ್ದು ಬಾಯಲ್ಲಿ ಇಟ್ಕಂಡಿದ್ದೀಯಲಾ?"

ಬೈಗುಳ ಉದ್ದವಾದಷ್ಟೂ ಮನೆಯವರ ಮುಖ ಅರಳುತ್ತಿತ್ತು. ಮುದ್ದಾದ ಕೂಸನ್ನು ಕಂಡರೆ ಯಾರಿಗಾದರೂ ಕೈ ತುರಿಸುತ್ತದೆ. ಕೆನ್ನೆ ಹಿಂಡಬೇಕು, ಕಾಲಿನ ಮಡಿಕೆ ಕಚ್ಚಬೇಕು, ಹಾಗೇ ತಿಂದುಬಿಡಬೇಕು ಎನ್ನಿಸುತ್ತದೆ. ದೃಷ್ಟಿ ಎನ್ನುವುದು ಆ ಆಸೆಯೇ ಎಂದು ಬೈರಮ್ಮಜ್ಜಿಯ ಲೆಕ್ಕ. ಉಕ್ಕುವ ಹಾಲಿಗೆ ನೀರು ಚಿಮುಕಿಸಿದ ಹಾಗೆ, ಉಕ್ಕಿದ ಮುದ್ದನ್ನು ಬಾಯಿಂದ ಬೈಗುಳವಾಗಿ ಚೆಲ್ಲಿಬಿಡಬೇಕು. ಆಗ ಕೂಸಿಗೆ ಏನೂ ತಗಲುವುದಿಲ್ಲ. ಆ ಬೈಗುಳದೊಳಗಿನ ಒಂದು ಮಾತು ಮಾತ್ರ ಅಡ್ಡಹೆಸರಾಗಿ ಕೂಸಿಗೆ ಅಂಟಿಕೊಳ್ಳುತ್ತಿತ್ತು. ಗಿರಿಜಾ ಮೀಸೆ ಬಿಟ್ಟು, ಗುದ್ದಲಿ ಹೆಗಲಿಗೇರಿಸಿ ಓಡಾಡುವ ನೀರುಗಂಟಿ ದ್ಯಾವಯ್ಯನನ್ನು ಊರೆಲ್ಲ ಆಗಲೂ ಗೊದಮೊಟ್ಟೆ ಎಂದೇ ಕರೆಯುತ್ತಿತ್ತು. ಅವನೂ ಓಗೊಡುತ್ತಿದ್ದ.

ಇಂಥ ಊರಿಗೆ ಅಣ್ಣಮ್ಮ ಸೊಸೆಯಾಗಿ ಬಂದದ್ದು ಗಂಜಾಮಿನಿಂದ. ಅವಳಪ್ಪ ಪಟ್ಟಣದ ಬಾಗಿಲುವಾಡ ಕೆತ್ತುವ ಆಚಾರಿ. ಗಂಜಾಮಿನ ಗದ್ದಲದಲ್ಲಿ ಬೆಳೆದ ಹುಡುಗಿಗೆ ಹಿರೋಡೆಯ ಕೆರೆ, ಕುಂತಿಬೆಟ್ಟ, ಸಂಜೆಯ ಮೌನ ಎಲ್ಲದಕ್ಕೂ ಹೆದರಿಕೆ. ಗಂಡ ಚೆಲುವಾಚಾರಿ ಮಾತು ಕಡಿಮೆಯ ಬಡಗಿ. ಅತ್ತೆ ಸೋಮಮ್ಮ ಮಾತು ಜಾಸ್ತಿಯವಳು. ಅಣ್ಣಮ್ಮ ಬಸುರಾಗುತ್ತಿದ್ದ ಹಾಗೆಯೇ ಚೆಲುವಾಚಾರಿ ಹಲಸಿನ ಮರದಲ್ಲಿ ತೊಟ್ಟಿಲು ಮಾಡಲು ಕೂತ. ತಲೆಯ ಕಡೆ ಎರಡು ಗಿಣಿ ಕೆತ್ತಿದ. ನಾಗಮಂಗಲದಿಂದ ಹಿತ್ತಾಳೆ ಗೆಜ್ಜೆ ತರಿಸಿ ಸರಪಳಿಗೆ ಕಟ್ಟಿದ. ಹಿಂದಿನ ವರ್ಷ ದಂಡುಗಳು ಬಂದು ಊರ ಸುತ್ತಲೇ ಬೀಡುಬಿಟ್ಟು, ಊರಿಗೆ ಊರೇ ಗುಳೆ ಹೋಗಿ ವಾಪಸು ಬಂದಿತ್ತು. ಕೂಸುಗಳ ಅಳು ಕೇಳಿಸದ ಬೀದಿ. ಹಾಗಾಗಿ ಆ ಗೆಜ್ಜೆಯ ಸದ್ದಿಗೆ ಅಕ್ಕಪಕ್ಕದವರೂ ಬಂದು ನಿಂತು ನೋಡಿದರು.

ಮಾಗಿಯ ಚಳಿಯಲ್ಲಿ, ದಿನ ತುಂಬುವ ಮೊದಲೇ, ಅಣ್ಣಮ್ಮನಿಗೆ ಹೆರಿಗೆಯಾಯಿತು.

ಕೂಸು ಅತ್ತಿತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಅಳಿಲಿನ ಮರಿಯಷ್ಟು ಸಣ್ಣ ಸದ್ದು ಬಂತು. ಬೈರಮ್ಮಜ್ಜಿ ಎಂದಿನಂತೆ ಕೂಸನ್ನು ಅಂಗೈ ಮೇಲೆ ಇಟ್ಟುಕೊಂಡಳು. ಒಂದೇ ಅಂಗೈ ಸಾಕಾಯಿತು. ಮುಖದ ಹತ್ತಿರ ತಂದು ಬಹಳ ಹೊತ್ತು ನೋಡಿದಳು. ಅಣ್ಣಮ್ಮ ಕಣ್ಣು ಮುಚ್ಚಿ "ಥೂ" ಎನ್ನುವುದನ್ನೇ ಕಾಯುತ್ತಿದ್ದಳು.

"ಗಂಡು ಮಗ," ಎಂದಳು ಬೈರಮ್ಮಜ್ಜಿ ಮೆಲ್ಲಗೆ. "ಚೆಂದಾಗವ್ನೆ."

ಬಾಗಿಲಾಚೆ ಬಿಸಿನೀರು ತೋಡುತ್ತಿದ್ದ ಸೋಮಮ್ಮನ ಚೆಂಬು ಹಂಡೆಯ ಅಂಚಿಗೆ ತಾಗಿ ಅಲ್ಲೇ ನಿಂತಿತು. ಆ ಮನೆಯಲ್ಲಿ ಎಲ್ಲರಿಗೂ ಅರ್ಥವಾಗಿತ್ತು. ಬದುಕುವ ಕೂಸಿಗೆ ಬೈಗುಳ. ಬೈರಮ್ಮಜ್ಜಿಯ ಬಾಯಲ್ಲಿ ಚೆಂದ ಎನಿಸಿಕೊಂಡದ್ದು ನಿಲ್ಲುವ ಕೂಸಲ್ಲ.

ಹಾಗೆಂದು ಅವಳು ಕೈ ಬಿಡಲಿಲ್ಲ. ಅರಳೆಯ ಹಾಸಿನಲ್ಲಿ ಕೂಸನ್ನು ಸುತ್ತಿ, ಅಣ್ಣಮ್ಮನ ಎದೆಗೇ ಆನಿಸಿ ಸೀರೆಯಲ್ಲಿ ಕಟ್ಟಿಬಿಟ್ಟಳು. "ಕೋಳಿ ಕಾವು ಕೂತಂಗೆ ಕೂತ್ಕೊ. ಇಳಿಸ್ಬೇಡ." ಚೀಪುವ ಶಕ್ತಿಯಿಲ್ಲದ ಬಾಯಿಗೆ ಹತ್ತಿಯ ಬತ್ತಿಯನ್ನು ಮೊಲೆಹಾಲಿನಲ್ಲಿ ಅದ್ದಿ ತೊಟ್ಟಿಕ್ಕಿಸಿದಳು, ಸ್ವಲ್ಪ ದಿನ ಕಳೆದ ಮೇಲೆ ಒಳಲೆಯಲ್ಲಿ ಕುಡಿಸಿದಳು. ದಿನಾ ಬೆಳಿಗ್ಗೆ ಬಂದು ಹರಳೆಣ್ಣೆ ಹಚ್ಚುವಳು. ಹಚ್ಚುವಾಗ ಬಾಯಿ ಬಿಗಿ. ಸೋಮಮ್ಮ ಮಾತ್ರ ದಿನಾ ಕೇಳುವಳು:

"ಬೈರಕ್ಕ, ತೊಟ್ಟಿಲು ಶಾಸ್ತ್ರ...?"

"ಮುಂದಿನ ಸ್ವಾಮಾರ ನೋಡನ ಕಣ್ ಸೋಮಕ್ಕ."

ಸೋಮವಾರಗಳು ಬಂದವು, ಹೋದವು. ಬರಿದು ತೊಟ್ಟಿಲನ್ನು ತೂಗಬಾರದು ಎಂದು ಅದನ್ನು ಹಗ್ಗದಲ್ಲಿ ಎತ್ತಿ ತೊಲೆಗೆ ಕಟ್ಟಿದ್ದರು. ಗಾಳಿಗೆ ಗೆಜ್ಜೆ ಗಲ್ಲೆಂದರೆ ಸಾಕು, ಸೋಮಮ್ಮ ಎಲ್ಲಿದ್ದರೂ ಓಡಿ ಬಂದು ಕೋಲಿನಿಂದ ಅದನ್ನು ಹಿಡಿದು ನಿಲ್ಲಿಸುತ್ತಿದ್ದಳು. ಚೆಲುವಾಚಾರಿ ಆಗಾಗ ತೊಟ್ಟಿಲನ್ನು ಕೆಳಗಿಳಿಸಿ, "ಈ ಮೂಲೆ ಇನ್ನೂ ಒಸಿ ಉಜ್ಜಬೇಕು," ಎಂದು ತನಗೆ ತಾನೇ ಹೇಳಿಕೊಂಡು ಉಜ್ಜುತ್ತಿದ್ದ. ಉಜ್ಜಿ ಉಜ್ಜಿ ಗಿಣಿಗಳ ಕೊಕ್ಕು ಮೊಂಡಾಯಿತು.

ನೋಡಲು ಬಂದವರೆಲ್ಲ ಬೈರಮ್ಮಜ್ಜಿಯ ಮಾತನ್ನೇ ಆಡಿದರು. "ಚೆಂದಾಗವ್ನೆ ಕಣವ್ವ." "ಲಕ್ಷಣವಾಗವ್ನೆ." ಕೂಸನ್ನು ಕಂಡವರ ಕೈ ತಾನಾಗಿಯೇ ಮುಂದೆ ಚಾಚಬೇಕು, ಅದು ಲೋಕದ ರೀತಿ. ಇವನನ್ನು ಕಂಡವರ ಕೈಗಳು ಸೆರಗು ಸರಿಮಾಡಿಕೊಂಡವು, ಕುಂಕುಮ ಮುಟ್ಟಿಕೊಂಡವು, ಸೊಂಟದ ಮೇಲೆ ಹೋಗಿ ನಿಂತವು.

ಪಕ್ಕದ ಮನೆಯ ಚಿಕ್ಕಬೋರಮ್ಮನಿಗೆ ಅದೇ ತಿಂಗಳು ಗಂಡಾಗಿತ್ತು. ಆ ಕೂಸು ಬೆಣ್ಣೆಮುದ್ದೆ. ಗೋಡೆಯಾಚೆಯಿಂದ ಬೈರಮ್ಮಜ್ಜಿಯ ದನಿ ದಿನವೂ ಕೇಳಿಸುತ್ತಿತ್ತು. "ಲೇ ಹಂದೀಮರಿ, ಕಣ್ಬುಡ್ಲಾ! ನಿಮ್ಮವ್ವ ನಿನ್ನ ಹೆತ್ಲೋ, ಗಡಿಗೇಲಿ ಹೆಪ್ಪಾಕಿದ್ಲೋ?" ಚಿಕ್ಕಬೋರಮ್ಮ ಕಿಲಕಿಲ ನಗುವಳು. ಅಣ್ಣಮ್ಮ ಗೋಡೆಗೆ ಒರಗಿ ಒಂದೊಂದು ಬೈಗುಳವನ್ನೂ ಕೇಳಿಸಿಕೊಳ್ಳುವಳು. ಬೇರೆಯವರ ಕೊರಳ ಚಿನ್ನ ನೋಡಿ ಅವಳು ಎಂದೂ ಅಷ್ಟು ಆಸೆಪಟ್ಟಿರಲಿಲ್ಲ.

ಒಂದು ದಿನ ಅತ್ತೆ ಹಿತ್ತಲಿಗೆ ಹೋಗಿದ್ದಾಗ ತಾನೇ ಬೈದು ನೋಡಿದಳು. "ಥೂ, ಇಲಿಮರಿ," ಎಂದಳು. ಕೂಸು ಸುಮ್ಮನೆ ನೋಡಿತು. ಸುಕ್ಕುಬಿದ್ದ ಹಣೆ, ಸಣ್ಣ ಮೋರೆ, ಕಿವಿಯ ಮೇಲೆ ಕರಿ ನವಿರು, ಇಲಿಮರಿಯೇ. ಅವಳಿಗೆ ಅಳು ಒತ್ತರಿಸಿತು. ಸುಳ್ಳಾದರೆ ಮಾತ್ರ ಬೈಗುಳ ಬೈಗುಳವಾಗುತ್ತದೆ. ನಿಜವಾಗಿಬಿಟ್ಟರೆ ಅದು ಬರಿಯ ಮಾತು, ಆಡಬಾರದ ಮಾತು.

ಇನ್ನೊಂದು ಸಂಕಟವನ್ನು ಅವಳು ಯಾರಿಗೂ ಹೇಳಿರಲಿಲ್ಲ. ತನ್ನ ಕೂಸನ್ನು ಕಂಡರೆ ತನಗೂ ಮುದ್ದು ಬರುತ್ತಿರಲಿಲ್ಲ. ಭಯ ಬರುತ್ತಿತ್ತು. ಉಸಿರು ಆಡುತ್ತಿದೆಯೇ ಎಂದು ಬೆರಳು ಒದ್ದೆ ಮಾಡಿ ಮೂಗಿನ ಕೆಳಗೆ ಹಿಡಿಯುವಳು. ಕೈ ತೆಗೆದ ಕೂಡಲೇ ಮತ್ತೆ ಅನುಮಾನ, ಮತ್ತೆ ಹಿಡಿಯುವಳು. ಕಾಲು ಬೆಚ್ಚಗಿದ್ದರೆ ಜ್ವರವೇ ಎಂದು, ತಣ್ಣಗಿದ್ದರೆ ಇನ್ನೇನೋ ಎಂದು. ನಿದ್ದೆ ಮಾಡಿದರೆ ಯಾಕಿಷ್ಟು ನಿದ್ದೆ, ಎದ್ದರೆ ಯಾಕೆ ನಿದ್ದೆಯಿಲ್ಲ. ಈ ಪಹರೆಯ ನಡುವೆ ಮುದ್ದು ಬರಲು ದಾರಿ ಎಲ್ಲಿ?

ಬಿಸಿಲು ಏರತೊಡಗಿದ ಒಂದು ಸಂತೆಯ ದಿನ ಅಣ್ಣಮ್ಮ ಒಂದು ಕೆಲಸ ಮಾಡಿದಳು. ಕೂಸಿನ ಕೆನ್ನೆಯ ದೃಷ್ಟಿಬೊಟ್ಟನ್ನು ಒರೆಸಿ ತೆಗೆದಳು. ಕಣ್ಣು ದೊಡ್ಡದಾಗಿ ಕಾಣುವಂತೆ ಕಾಡಿಗೆಯನ್ನು ಕಿವಿಯ ತನಕ ತಿದ್ದಿದಳು. ಕುಲಾವಿಯೊಳಗೆ ಅರಳೆ ತುಂಬಿ ತಲೆಯನ್ನು ಗುಂಡಗೆ ಮಾಡಿದಳು. ಮೈಗೂ ಅರಳೆ, ಅದರ ಮೇಲೆ ಮದುವೆಯಲ್ಲಿ ತವರಿನವರು ಕೊಟ್ಟ ಕೆಂಪು ಬಟ್ಟೆ. ಈಗ ಕಂಕುಳಲ್ಲಿದ್ದುದು ಚಿಕ್ಕಬೋರಮ್ಮನ ಕೂಸಿಗಿಂತ ದುಂಡಗಿದ್ದ ಗಂಟು. ಅತ್ತೆಗೆ ಉಪ್ಪು ತರುತ್ತೇನೆಂದು ಹೇಳಿ ಸಂತೆಗೆ ಹೊರಟಳು. ಒಬ್ಬರಾದರೂ, ಗುರುತಿಲ್ಲದವರಾದರೂ ಸರಿ, ಬೈದರೆ ಸಾಕಿತ್ತು.

ಅತ್ತಿಕುಪ್ಪೆಯಿಂದ, ಅಂದರೆ ಈಗಿನ ಕೃಷ್ಣರಾಜಪೇಟೆಯಿಂದ, ಬೆಣ್ಣೆ ಮಾರಲು ಬಂದಿದ್ದ ದೊಡ್ಡತಾಯಮ್ಮ ಎಂಬ ದಪ್ಪ ಹೆಂಗಸು ದೂರದಿಂದಲೇ ಕೂಸನ್ನು ಕಂಡಳು.

"ಅಯ್ಯಯ್ಯೋ, ಇದ್ಯಾವೂರ್ ಗೂಬೆ ಕಣವ್ವ! ಕೊಡಿಲ್ಲಿ, ಕೊಡಿಲ್ಲಿ! ಈ ಕಳ್ಳನ್ನ ನಮ್ಮೂರಿಗೇ ಒತ್ಕಂಡೋಗ್ತೀನಿ!"

ಅಣ್ಣಮ್ಮನ ಎದೆ ಹಿಗ್ಗಿತು. ಗೂಬೆ! ಕಳ್ಳ! ಅವಳು ಹಿಂದುಮುಂದು ನೋಡದೆ ಕೂಸನ್ನು ಕೊಟ್ಟುಬಿಟ್ಟಳು.

ಭಾರದ ಕೂಸೆಂದು ತೋಳು ಬಿಗಿಮಾಡಿ ಎತ್ತಿಕೊಂಡಿದ್ದ ದೊಡ್ಡತಾಯಮ್ಮನ ಕೈ ಒಮ್ಮೆಗೇ ಮೇಲಕ್ಕೆ ಹಾರಿತು, ತುಂಬಿದೆ ಎಂದುಕೊಂಡು ಬರಿದು ಕೊಡ ಎತ್ತಿದ ಹಾಗೆ. ಅವಳು ಬಟ್ಟೆಯ ಒಳಗೆ ಬೆರಳು ಹಾಕಿ ಮುಟ್ಟಿ ನೋಡಿದಳು. ಅರಳೆ. ಅರಳೆಯೊಳಗೆ ಒಂದು ಹಿಡಿ ಮೈ. ಅವಳ ನಗು ಇಳಿಯಿತು. ಕೂಸನ್ನು ಬಹಳ ಜೋಪಾನವಾಗಿ ವಾಪಸು ಕೊಟ್ಟು, ತಗ್ಗಿದ ದನಿಯಲ್ಲಿ, "ಚೆಂದಾಗವ್ನೆ ಕಣ್ ಮಗ," ಎಂದಳು. ಒಂದು ಉಂಡೆ ಬೆಣ್ಣೆಯನ್ನು ಎಲೆಯಲ್ಲಿಟ್ಟು ಅಣ್ಣಮ್ಮನ ಕೈಗೆ ತುರುಕಿದಳು. "ಮಡಿಕ. ಮೈಗಚ್ಚು."

ಬೆಣ್ಣೆ ಕೈಯಲ್ಲಿ ಕರಗಿ ಮೊಣಕೈಗೆ ಇಳಿಯುತ್ತಿದ್ದರೂ ಅಣ್ಣಮ್ಮ ನಿಂತಲ್ಲೇ ನಿಂತಿದ್ದಳು. ಯಾರೋ ಅವಳ ರಟ್ಟೆ ಹಿಡಿದೆಳೆದರು. ಬೈರಮ್ಮಜ್ಜಿ. ಎಲೆ ಅಡಿಕೆ ಕೊಳ್ಳಲು ಬಂದವಳು ಎಲ್ಲವನ್ನೂ ನೋಡಿದ್ದಳು. ಕೆರೆ ಏರಿಯ ಹುಣಸೆ ಮರದ ಕೆಳಗೆ ಅವಳನ್ನು ಕರೆದೊಯ್ದು ಕೂರಿಸಿದಳು. ಕೂತ ಮೇಲೆ ಶುರುವಾಯಿತು.

"ನಿಂಗೇನು ತಲೆ ನೆಟ್ಟಗದೋ ಇಲ್ವೋ? ಈ ಬಿಸ್ಲಲ್ಲಿ ಕೂಸ ದಿಂಬು ಮಾಡ್ಕಂಡು ಸಂತೆ ಸುತ್ತುಸ್ತಾವ್ಳಂತೆ! ಗಂಜಾಮಲ್ಲಿ ಇಂಗೇನಾ ಮಕ್ಳ ಸಾಕಾದು? ಬಿಚ್ಚು ಆ ಕುಲಾವಿ, ಬೆವ್ತೋಗವ್ನೆ!"

"ನನ್ನ ಬೈತೀರಾ ಅಜ್ಜಿ," ಎಂದಳು ಅಣ್ಣಮ್ಮ ಬಿಕ್ಕುತ್ತ. "ಅವನ್ನ ಬೈಯಿರಿ. ಒಂದೇ ಒಂದು ಮಾತು. ನಿಮಗೇನು ಕಷ್ಟ? ಊರಲ್ಲಿರೋ ಮಕ್ಕಳನ್ನೆಲ್ಲ ಬೈತೀರ. ಕರುನೂ ಬೈತೀರ, ನಾಯಿಮರೀನೂ ಬೈತೀರ. ನನ್ನ ಮಗ ಏನು ಪಾಪ ಮಾಡಿದ್ದಾನೆ?"

ಬೈರಮ್ಮಜ್ಜಿ ಕುಲಾವಿ ಬಿಚ್ಚಿ, ಕೆಂಪು ಬಟ್ಟೆ ಬಿಚ್ಚಿ, ಅರಳೆಯನ್ನೆಲ್ಲ ಕಿತ್ತು ಪಕ್ಕಕ್ಕಿಟ್ಟಳು. ಸೆರಗಿನಿಂದ ಗಾಳಿ ಹಾಕಿದಳು.

"ಬೈಗುಳ ನನ್ ಕೈಲಿಲ್ಲ ಕಣೇ. ಕೂಸ ನೋಡಿದ್ ತಕ್ಷಣ ಮುದ್ದು ಗಂಟ್ಲಿಗೆ ಬತ್ತದೆ, ಬೈಗುಳ ಆಗಿ ಉದುರ್ತದೆ. ಇವನ್ನ ನೋಡಿದ್ರೆ ಗಂಟ್ಲಿಗೆ ಬೇರೇನೋ ಬತ್ತದೆ. ಬಾಯಿ ಬುಟ್ರೆ ಅತ್ಬುಡ್ತೀನಿ ಅಂತ ಮುಚ್ಕಂಡಿರ್ತೀನಿ. ನಾ ಸುಳ್ ಸುಳ್ಳೇ ಬೈದ್ರೆ ಊರೋರು ನಂಬ್ತಾರೆ. ನೀನೂ ನಂಬ್ತೀಯೆ. ಆಮ್ಯಾಕೆ ಏನಾರ ಆದ್ರೆ?"

ಅಣ್ಣಮ್ಮ ನೆಲ ನೋಡುತ್ತ ಹೇಳಿದಳು: "ನನಗೂ ಬರಲ್ಲ ಅಜ್ಜಿ. ಮುದ್ದು. ಹೆತ್ತವಳು ನಾನು, ನನಗೇ ಬರಲ್ಲ."

ಅಜ್ಜಿ ಬೆಚ್ಚಿಬೀಳಲಿಲ್ಲ. ಎಲೆಗೆ ಸುಣ್ಣ ಸವರುತ್ತ, "ಎಂಗೆ ಬತ್ತದೆ?" ಎಂದಳು. "ದಿನ ಬೆಳಗಾದ್ರೆ ನೀ ನೋಡಾದು ಅವನ ಉಸ್ರ. ಕಾಲು ತಣ್ಣಗದಾ, ಹೊಟ್ಟೆ ಉಬ್ಬರ್ಸದಾ. ಅವನ ಮೊಕ ಯಾವತ್ತಾರ ನೋಡಿದ್ದೀಯಾ? ದುಂಡಗಿರವ್ಕೆ ದೇವ್ರು ಮುದ್ದ ಮೈಮ್ಯಾಲೆ ಅಚ್ಚಿ ಕಳುಸ್ತಾನೆ, ಕಂಡೋರೆಲ್ಲ ಎತ್ಕತಾರೆ. ಇಂಥವ್ನ ಮೊದ್ಲು ಎತ್ಕಬೇಕು. ಎತ್ತಿ ಎತ್ತಿ, ತೊಳ್ದು ತೊಳ್ದು, ಆಮ್ಯಾಕೆ ಯಾವಾಗ್ಲೋ ಬತ್ತದೆ. ನೋಡು ಒಸಿ. ಉಸ್ರ ನಾ ನೋಡ್ಕತೀನಿ."

ಅಣ್ಣಮ್ಮ ನೋಡಿದಳು. ಹುಣಸೆ ಎಲೆಗಳ ಸಂದಿಯಿಂದ ಬಿದ್ದ ಬಿಸಿಲಿಗೆ ಕೂಸು ಒಂದು ಕಣ್ಣು ಮುಚ್ಚಿತು. ಇನ್ನೊಂದನ್ನು ಕಿರಿದು ಮಾಡಿತು. ಕೆಳತುಟಿ ಮುಂದೆ ಚಾಚಿತು. ಈ ಮುಖವನ್ನು ಅವಳು ಎಲ್ಲೋ ಕಂಡಿದ್ದಳು. ದಿನಾ ಕಂಡಿದ್ದಳು. ಹಲಗೆಯ ಅಂಚು ನೇರವಾಗಿದೆಯೇ ಎಂದು ಒಂದು ಕಣ್ಣು ಮುಚ್ಚಿ, ತುಟಿ ಚಾಚಿ ನೋಡುವ ಚೆಲುವಾಚಾರಿಯ ಮುಖ ಅದು. ಇಷ್ಟೇ ಇಷ್ಟು ಉದ್ದದ, ಕಾಡಿಗೆ ಮೆತ್ತಿದ ಆಚಾರಿಯೊಬ್ಬ ತನ್ನ ತೊಡೆಯ ಮೇಲೆ ಮಲಗಿ ಲೋಕ ಸೊಟ್ಟಗಿದೆಯೇ ಎಂದು ನೋಡುತ್ತಿದ್ದ. ಅವಳಿಗೆ ತಡೆಯಲಾರದ ನಗು ಬಂತು. ನಗುತ್ತ ಬಗ್ಗಿ ಅವನ ಹಣೆಗೆ ತುಟಿ ಇಟ್ಟಳು. ಹರಳೆಣ್ಣೆಯ ವಾಸನೆಯ ಹಿಂದೆ ಇನ್ನೊಂದು ವಾಸನೆಯಿತ್ತು, ಮಳೆ ಬಿದ್ದ ಮೇಲಿನ ಹಲಸಿನ ಮರದ ಹೊಟ್ಟಿನ ಹಾಗೆ. ಇಷ್ಟು ದಿನ ಅವಳು ಅದನ್ನು ಗಮನಿಸಿಯೇ ಇರಲಿಲ್ಲ.

ಅಂದಿನಿಂದ ಭಯ ಹೋಗಿಬಿಟ್ಟಿತೆಂದಲ್ಲ. ಭಯದ ಪಕ್ಕದಲ್ಲಿ ಇನ್ನೊಂದಕ್ಕೂ ಜಾಗವಾಯಿತು. ಅತ್ತಿಕುಪ್ಪೆಯ ಬೆಣ್ಣೆಯನ್ನು ಹಚ್ಚಿ ತಿಕ್ಕುವಾಗ ಅವಳು ಅವನ ಕಾಲಿನ ಬೆರಳುಗಳಿಗೆ ಒಂದೊಂದು ಉಳಿಯ ಹೆಸರಿಟ್ಟು ಕರೆಯತೊಡಗಿದಳು. ಯಾರಾದರೂ "ಚೆಂದಾಗವ್ನೆ" ಎಂದರೆ, "ಹೂಂ, ಅವರಪ್ಪನ ಹಾಗೆ," ಎಂದು ತಿರುಗಿ ಹೇಳುವಳು. ಯುಗಾದಿ ಕಳೆಯಿತು. ಕೂಸಿಗೆ ಹತ್ತಿಯ ಬತ್ತಿ ಬೇಡವಾಯಿತು, ಒಳಲೆಯೂ ಬೇಡವಾಯಿತು. ಅವನು ತಾನೇ ಚೀಪಿದ. ಇನ್ನೂ ಸಣಕಲನೇ. ಆದರೆ ಹಿಡಿದದ್ದನ್ನು ಬಿಡುತ್ತಿರಲಿಲ್ಲ.

ಮುಂಗಾರಿನ ಮೊದಲ ಮೋಡ ಕಟ್ಟಿದ ಒಂದು ಬೆಳಿಗ್ಗೆ ಬೈರಮ್ಮಜ್ಜಿ ಎಂದಿನಂತೆ ಕಾಲು ಚಾಚಿ ಎಣ್ಣೆ ಹಚ್ಚುತ್ತಿದ್ದಳು. ಅಣ್ಣಮ್ಮ ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದಳು. ಅಜ್ಜಿ ಕಿವಿಯ ಹಿಂದೆ ತಿಕ್ಕಲು ಬಗ್ಗಿದಳು. ಅವಳ ಹಳೆಯ ನತ್ತು ಕೂಸಿನ ಕಣ್ಣೆದುರು ತೂಗಿತು. ಅವನು ಒಂದು ಕಣ್ಣು ಮುಚ್ಚಿ ಗುರಿಯಿಟ್ಟು, ಫಕ್ಕನೆ ನತ್ತು ಹಿಡಿದು ಜಗ್ಗಿದ.

"ಅಯ್ಯಯ್ಯೋ! ಬುಡ್ಲಾ! ಬುಡ್ಲಾ ನನ್ ಮೂಗ!"

ಅವನು ಇನ್ನೊಂದು ಕೈಯನ್ನೂ ಹಾಕಿದ. ಹಲ್ಲಿಲ್ಲದ ಬಾಯಿ ಅಗಲಿಸಿ ಕೇಕೆ ಹಾಕಿದ. ಅದೇ ಹೊತ್ತಿಗೆ ಕೆಳಗಿನಿಂದ ಬೆಚ್ಚಗೆ ಚಿಮ್ಮಿಸಿ ಅಜ್ಜಿಯ ಎದೆಯ ಮೇಲಿನ ಸೀರೆಯನ್ನೆಲ್ಲ ನೆನೆಸಿದ.

"ಥೂ!" ಎಂದಳು ಬೈರಮ್ಮಜ್ಜಿ.

ಅಣ್ಣಮ್ಮನ ಕೈಯ ಬಟ್ಟೆ ಹಾಗೇ ನಿಂತಿತು.

"ಥೂ ನಿನ್ ಕಡಜನ್ ಬಾಳ! ಸೊಂಟ ನೋಡಿದ್ರೆ ನೂಲೆಳೆ, ಕೊಂಡಿ ನೋಡಿದ್ರೆ ಗೇಣುದ್ದ! ಮೂಳೆ ಮುದುಕ, ಒಣಕಲು ನುಗ್ಗೇಕಾಯಿ, ಓತಿಕ್ಯಾತನ ಮೊಮ್ಮಗನೆ! ನೋಡೇ ಅಣ್ಣಮ್ಮ, ಅವರಪ್ಪ ಇಕ್ಕಳ ಹಿಡ್ದಂಗೆ ಹಿಡ್ಕಂಡವ್ನೆ! ಕಣ್ಣು ಮಿಟುಕುಸ್ತೀಯಾ ನನ್ ನೋಡಿ? ಮುದ್ಕಿ ಮೂಗ್ ಕಿತ್ಕಂಡು ಎಲ್ಲಿಗೋಯ್ತೀಯೋ ಕಳ್ ನನ್ಮಗ್ನೇ, ತಿಂದಾಕ್ಬುಡ್ತೀನಿ ನಿನ್ನ, ಕಚ್ಚಿ ಕಚ್ಚಿ ತಿಂದಾಕ್ಬುಡ್ತೀನಿ!"

ಒಳಗೆ ರಾಗಿ ಬೀಸುತ್ತಿದ್ದ ಸೋಮಮ್ಮ ಕಲ್ಲು ಬಿಟ್ಟು ಎದ್ದು ಬಂದಳು, ಕೈಯೆಲ್ಲ ಹಿಟ್ಟು. ಜಗಲಿಯಲ್ಲಿ ಕೆಲಸ ಮಾಡುತ್ತಿದ್ದ ಚೆಲುವಾಚಾರಿ ತಲೆಗೂದಲ ತುಂಬ ಮರದ ಸಿಬಿರು ಹೊತ್ತು ಬಾಗಿಲಲ್ಲಿ ನಿಂತ.

"ಬೈದ್ಲಾ?" ಎಂದ.

"ಬೈದ್ಲು ಕಣ್ಲಾ!" ಎಂದಳು ಸೋಮಮ್ಮ.

"ಏನಂತ?"

"ಕಡಜ ಅಂತ. ನುಗ್ಗೇಕಾಯಿ ಅಂತ. ಇನ್ನೂ ಬೈತಾವ್ಳೆ, ಸುಮ್ಕಿರು, ಕೇಳನ!"

ಗೋಡೆಯ ಮೇಲಿನಿಂದ ಚಿಕ್ಕಬೋರಮ್ಮನ ತಲೆ ಕಾಣಿಸಿತು. ಬೈರಮ್ಮಜ್ಜಿ ಬಯ್ಯುತ್ತಲೇ ಇದ್ದಳು. ತಿಂಗಳುಗಟ್ಟಲೆ ಕೂಡಿಟ್ಟದ್ದೆಲ್ಲ ಹೊರಗೆ ಬರುತ್ತಿತ್ತು. ಕಣ್ಣಿಂದ ನೀರು ಇಳಿಯುತ್ತಿತ್ತು, ನತ್ತು ಜಗ್ಗಿದ ನೋವಿಗೆ ಎಂದು ಆಮೇಲೆ ಅವಳು ಹೇಳಿಕೊಂಡಳು. ಅಣ್ಣಮ್ಮ ಅತ್ತಳೋ ನಕ್ಕಳೋ ಅವಳಿಗೇ ನೆನಪಿಲ್ಲ. ಚೆಲುವಾಚಾರಿ ತೊಲೆಗೆ ಕಟ್ಟಿದ್ದ ಹಗ್ಗ ಬಿಚ್ಚಿದ. ಕೊಕ್ಕು ಮೊಂಡಾದ ಗಿಣಿಗಳ ತೊಟ್ಟಿಲು ಗಲಗಲ ಎನ್ನುತ್ತ ಕೆಳಗಿಳಿಯಿತು. ಆ ಸಲ ಸೋಮಮ್ಮ ಕೋಲು ಹಿಡಿದು ಓಡಲಿಲ್ಲ.

ಹುಡುಗನಿಗೆ ತಾತನ ಹೆಸರಿಟ್ಟರು, ಆದರೆ ಅವನು ಊರಿಗೆಲ್ಲ ಕಡಜನೇ ಆದ. ಅವನಿಗೆ ಆರೇಳು ವರ್ಷವಾದಾಗ ಮತ್ತೊಂದು ಸಲ ದಂಡು ಬಂತು. ಪಟ್ಟಣ ಬಿತ್ತು. ಗುಳೆ ಹೋದವರು ತಿರುಗಿ ಬಂದಾಗ ಆ ಮಳೆಗಾಲ ಊರಲ್ಲಿ ಚಳಿಜ್ವರ. ಬೈರಮ್ಮಜ್ಜಿಯೂ ಮಲಗಿದಳು. ಮೈಯೆಲ್ಲ ಬತ್ತಿ, ಕಂಬಳಿಯೊಳಗೆ ಒಂದು ಹಿಡಿಯಾಗಿದ್ದಳು. ನೋಡಲು ಹೋದವರೆಲ್ಲ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಮಾತಾಡುತ್ತಿದ್ದರು. "ಮೊಕ ಕಳಕಳವಾಗದೆ ಕಣಜ್ಜಿ." "ಚೆಂದಾಗಿದ್ದೀಯೆ." ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು ಗೋಡೆಯ ಕಡೆ ತಿರುಗುತ್ತಿದ್ದಳು.

ಅಣ್ಣಮ್ಮ ಹೋದದ್ದು ಒಂದು ಮಧ್ಯಾಹ್ನ, ಗಂಜಿಯ ಚೆಂಬಿನೊಡನೆ. ಬಾಗಿಲಲ್ಲಿ ನಿಂತು ನೋಡಿದಳು. ಸುಕ್ಕು ಹಣೆ, ಸಣ್ಣ ಮೋರೆ, ಹಲ್ಲಿಲ್ಲದ ಬಾಯಿ. ಹುಣಸೆ ಮರದ ಕೆಳಗಿನ ಆ ಮಧ್ಯಾಹ್ನದ ನಗು ಎಲ್ಲಿತ್ತೋ, ಗಂಟಲಿಗೆ ಬಂತು. ಹತ್ತಿರ ಹೋಗಿ ಅಜ್ಜಿಯ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದಳು. ಹಲ್ಲು ಕಚ್ಚಿದಳು.

"ಥೂ! ಮುದಿ ಗೂಬೆ! ಇದ್ಯಾವ ಬಾಡಿದ ಬದನೆಕಾಯಿಗೆ ನತ್ತು ಹಾಕಿ ಮಲಗಿಸಿದ್ದಾರೆ! ಏಳಜ್ಜಿ ಮೇಲೆ!"

ಪಕ್ಕದಲ್ಲಿ ಕೂತಿದ್ದ ಹೆಂಗಸರು ಗಾಬರಿಯಾಗಿ ಬಾಯಿಗೆ ಕೈ ಇಟ್ಟುಕೊಂಡರು. ಬೈರಮ್ಮಜ್ಜಿ ಒಂದು ಕಣ್ಣು ತೆರೆದಳು. ಆಮೇಲೆ ಇನ್ನೊಂದು. ಬೋಳು ವಸಡು ಕಾಣುವಂತೆ ಅವಳ ಬಾಯಿ ಮೆಲ್ಲಗೆ ಅಗಲವಾಯಿತು.

"ಬದ್ನೆಕಾಯಂತೆ," ಎಂದಳು. "ಗಂಜಾಮೋಳ್ಗೆ ಬೈಯಾಕೂ ನೆಟ್ಟಗ್ ಬರಲ್ಲ. ಎತ್ತೇ ನನ್ನ. ಗಂಜಿಗೆ ಉಪ್ಪಾಕಿದ್ದೀಯೋ ಇಲ್ವೋ?"

ಆ ಸಲ ಅಜ್ಜಿ ಎದ್ದಳು.